ಕಾಮಾಲೆಯಲ್ಲಿ ಗುಣದ ಗುರುತು: ರಕ್ತಪರೀಕ್ಷೆಯ ವರದಿಯನ್ನು ಓದುವ ಬಗೆ

(ರೋಣದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಸಾಹಿತ್ಯ, ಇತಿಹಾಸಗಳಿಗೆ ಮೀಸಲಾಗಿರುವ ಇಂಥ ವೇದಿಕೆಯಲ್ಲಿ ವೈದ್ಯಕೀಯ ವಿಷಯವನ್ನು ಕನ್ನಡದಲ್ಲಿ ಮಾತಾಡಲು ಅವಕಾಶ ಕೊಟ್ಟಿದ್ದೀರಿ. ನಾನು ಆರಿಸಿಕೊಂಡದ್ದು ವೈರಸ್‌ನಿಂದ ಬರುವ ಕಾಮಾಲೆ. ಅದರಲ್ಲಿಯೂ ಮನೆಯವರು ನನ್ನಂಥ ವೈದ್ಯರನ್ನು ಮೊದಲು ಕೇಳುವ ಒಂದೇ ಪ್ರಶ್ನೆ: "ಆರಾಮ ಆಗ್ತಾರೇನ್ರಿ?" ಈ ಪ್ರಶ್ನೆಗೆ ಉತ್ತರ ಕೊಡಲು ರಕ್ತಪರೀಕ್ಷೆ ಎಷ್ಟು ನೆರವಾಗುತ್ತದೆ, ಯಾವ ಅಂಕಿಯನ್ನು ನಂಬಬೇಕು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದನ್ನು ತಿಳಿಸುವುದು ನನ್ನ ಉದ್ದೇಶ.

ಈ ನೆಲಕ್ಕೂ ಈ ರೋಗಕ್ಕೂ ಇರುವ ನಂಟು

ನಮ್ಮದು ಎರೆಮಣ್ಣಿನ ಸೀಮೆ. ಬಾವಿ ತೋಡಿದರೆ ಬಹಳ ಕಡೆ ಸವುಳು ನೀರು. ಹಾಗಾಗಿ ಹಿಂದಿನಿಂದಲೂ ಕುಡಿಯಲು ಕೆರೆಯ ನೀರನ್ನು ನಂಬಿ ಬದುಕಿದವರು ನಾವು. ಮಲಪ್ರಭೆ ನಮ್ಮ ಉತ್ತರದ ಅಂಚಿನಲ್ಲಿ ಹರಿಯುತ್ತಾಳೆ, ಬೆಣ್ಣಿಹಳ್ಳ ಬಂದು ಅವಳನ್ನು ಕೂಡುತ್ತದೆ. 2009ರ ಅಕ್ಟೋಬರಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ನೆರೆ ಬಂದದ್ದನ್ನು ಹೊಳೆಆಲೂರು, ಕೊಣ್ಣೂರು ಕಡೆಯವರಿಗೆ ನಾನು ನೆನಪಿಸಬೇಕಾಗಿಲ್ಲ.

ಹೆಪಟೈಟಿಸ್ ಎ ಮತ್ತು ಇ ಎಂಬ ಎರಡು ವೈರಸ್‌ಗಳು ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ಬರುತ್ತವೆ. ಮೈಯೊಳಗೆ ಹೊಕ್ಕ ದಿನವೇ ಅವು ತಮ್ಮ ಇರವನ್ನು ತೋರಿಸುವುದಿಲ್ಲ. ಎ ಗೆ ಸುಮಾರು ನಾಲ್ಕು ವಾರ ಬೇಕು, ಇ ಗೆ ಎರಡರಿಂದ ಎಂಟು ವಾರ. ನೆರೆ ಇಳಿದು, ಕೆಸರು ಬಳಿದು, ಬದುಕು ಮೊದಲಿನಂತೆ ನಡೆಯತೊಡಗಿದ ಮೇಲೆ ಕಾಮಾಲೆ ಕಾಣಿಸಿಕೊಳ್ಳುವುದು ಈ ಕಾರಣಕ್ಕೆ.

ಕೊಳಚೆ ನೀರು ಏನು ಮಾಡಬಲ್ಲದು ಎಂಬುದನ್ನು ಜಗತ್ತಿಗೆ ತೋರಿಸಿದ್ದು ದೆಹಲಿ. 1955ರ ಕೊನೆಯಲ್ಲಿ ಯಮುನೆಯ ಹರಿವು ಬದಲಾಗಿ, ನಜಾಫ್‌ಗಢದ ನಾಲೆಯ ಕೊಳಚೆ ವಜೀರಾಬಾದಿನಲ್ಲಿ ನಗರಕ್ಕೆ ನೀರೆತ್ತುವ ಜಾಗವನ್ನು ಹೊಕ್ಕಿತು. ಕೆಲವೇ ವಾರಗಳಲ್ಲಿ ಸುಮಾರು 29,300 ಮಂದಿಗೆ ಕಾಮಾಲೆ ಆಯಿತು. ಎಲ್ಲರೂ ಇದನ್ನು ಹೆಪಟೈಟಿಸ್ ಎ ಎಂದೇ ತಿಳಿದಿದ್ದರು. ಆ ರೋಗಿಗಳ ರಕ್ತದ್ರವವನ್ನು ಜೋಪಾನವಾಗಿ ಕಾದಿಡಲಾಗಿತ್ತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಖೋರ್ಶೆದ್ ಪಾವ್ರಿ ಮತ್ತು ಸಂಗಡಿಗರು ಅಮೆರಿಕದ ವಿಜ್ಞಾನಿಗಳ ಜೊತೆಗೂಡಿ ಅದನ್ನು ಪರೀಕ್ಷಿಸಿ, ಆ ರೋಗ ಹೆಪಟೈಟಿಸ್ ಎ ಯೂ ಅಲ್ಲ, ಬಿ ಯೂ ಅಲ್ಲ ಎಂದು 1980ರಲ್ಲಿ ಪ್ರಕಟಿಸಿದರು. 1978ರಲ್ಲಿ ಕಾಶ್ಮೀರದ ಕಣಿವೆಯಲ್ಲಿ ಎದ್ದ ಪಿಡುಗನ್ನು ಊರೂರು ಅಲೆದು ಅಧ್ಯಯನ ಮಾಡಿದ ವೈದ್ಯ ಮೊಹಮ್ಮದ್ ಸುಲ್ತಾನ್ ಖುರೂ ಅವರೂ ಇದೇ ಮಾತನ್ನು ಹೇಳಿದರು. ಇಂದು ನಾವು ಅದನ್ನು ಹೆಪಟೈಟಿಸ್ ಇ ಎನ್ನುತ್ತೇವೆ. ಕಾಲು ಶತಮಾನ ಕಾದಿಟ್ಟ ರಕ್ತ ಒಂದು ಹೊಸ ರೋಗದ ಸುಳಿವು ಕೊಟ್ಟಿತು. ರಕ್ತದ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ವರದಿಯ ಮೂರು ಸಾಲು

ಕಾಮಾಲೆ ಆದವರಿಗೆ ಲಿವರಿನ ಸ್ಥಿತಿ ನೋಡುವ ರಕ್ತಪರೀಕ್ಷೆಗಳ ಪಟ್ಟಿಯಾದ ಎಲ್‌ಎಫ್‌ಟಿ ಬರೆದುಕೊಡುತ್ತಾರೆ. ಸಂಜೆಯ ಹೊತ್ತಿಗೆ ವರದಿ ಕೈಗೆ ಬರುತ್ತದೆ. ಮನೆಯವರ ಕಣ್ಣು ಮೊದಲು ಹೋಗುವುದು ದೊಡ್ಡ ಅಂಕಿಯ ಕಡೆಗೆ.

ಆ ದೊಡ್ಡ ಅಂಕಿ ಎಸ್‌ಜಿಪಿಟಿ. ಇದು ಲಿವರಿನ ಜೀವಕೋಶಗಳ ಒಳಗಿರುವ ಒಂದು ಕಿಣ್ವ. ಕೋಶ ಒಡೆದರೆ ರಕ್ತಕ್ಕೆ ಸೋರುತ್ತದೆ. ವೈರಸ್ ಕಾಮಾಲೆಯಲ್ಲಿ ಇಂಥ ಕಿಣ್ವಗಳು ಏರುತ್ತವೆ ಎಂದು 1955ರಲ್ಲಿ ತೋರಿಸಿದವರು ಇಟಲಿಯ ನೇಪಲ್ಸ್ ನಗರದ ಫರ್ನಾಂಡೊ ಡಿ ರಿಟಿಸ್ ಮತ್ತು ಅವರ ಸಂಗಡಿಗರು. 40ರ ಆಸುಪಾಸಿನಲ್ಲಿ ಇರಬೇಕಾದ ಅಂಕಿ 1,000, 2,000 ದಾಟಿರುತ್ತದೆ. ನೋಡಿದವರ ಎದೆ ಧಸಕ್ಕೆನ್ನುತ್ತದೆ. ಆದರೆ ಈ ಅಂಕಿ ಎಷ್ಟು ದೊಡ್ಡದು ಎಂಬುದರಿಂದ ರೋಗಿ ಉಳಿಯುತ್ತಾನೋ ಇಲ್ಲವೋ ಎಂದು ಹೇಳಲಾಗದು. 3,000 ಇದ್ದವರು ತಿಂಗಳೊಳಗೆ ಹೊಲಕ್ಕೆ ಹೋಗುತ್ತಾರೆ, 800 ಇದ್ದವರು ವಿಷಮ ಸ್ಥಿತಿಗೆ ಹೋಗಬಹುದು.

ನೆಲದೊಳಗೆ ಕಾಳು ತುಂಬಿಡುವ ಹಗೇವು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಹಗೇವಿನ ಜೋಳ ಎಷ್ಟು ಹಾಳಾಯಿತು ಎಂಬುದು ಒಂದು ಲೆಕ್ಕ. ಮನೆಯಲ್ಲಿ ಇವತ್ತು ಒಲೆ ಹೊತ್ತಿ ರೊಟ್ಟಿ ಬೇಯುತ್ತಿದೆಯೋ ಇಲ್ಲವೋ ಎಂಬುದು ಇನ್ನೊಂದು ಲೆಕ್ಕ. ಎಸ್‌ಜಿಪಿಟಿ ಮೊದಲನೆಯ ಲೆಕ್ಕವನ್ನಷ್ಟೇ ಹೇಳುತ್ತದೆ. ಹಾಳಾಗುವುದು ನಿಂತಿದೆ ಎಂದರೆ ಕಾಳು ಸುರಕ್ಷಿತವಾಗಿದೆ ಎಂದೂ ಇರಬಹುದು, ಹಾಳಾಗಲು ಇನ್ನು ಕಾಳೇ ಉಳಿದಿಲ್ಲ ಎಂದೂ ಇರಬಹುದು.

ಎರಡನೆಯ ಸಾಲು ಬಿಲಿರುಬಿನ್. "ಕಾಮಾಣಿ ಎಷ್ಟು ಪಾಯಿಂಟ್ ಐತ್ರಿ?" ಎಂದು ಕೇಳುವುದು ಇದನ್ನೇ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಈ ಹಳದಿ ವಸ್ತುವನ್ನು ಲಿವರ್ ಪಿತ್ತರಸದ ಮೂಲಕ ಹೊರಗೆ ಕಳಿಸುತ್ತದೆ. ಅದನ್ನು ರಕ್ತದಲ್ಲಿ ಅಳೆಯುವ ಬಗೆಯನ್ನು ಹಾಲೆಂಡಿನ ವ್ಯಾನ್ ಡೆನ್ ಬರ್ಗ್ ಕಳೆದ ಶತಮಾನದ ಎರಡನೆಯ ದಶಕದಲ್ಲಿ ರೂಢಿಗೆ ತಂದರು. ಒಂದು ಮಿಲಿಗ್ರಾಂ ಸುತ್ತ ಇರಬೇಕಾದದ್ದು ಮೂರರ ಹತ್ತಿರ ಹೋದರೆ ಕಣ್ಣು ಹಳದಿಯಾಗುತ್ತದೆ. ಬಿಲಿರುಬಿನ್‌ಗೆ ಒಂದು ಸ್ವಭಾವವಿದೆ, ಅದು ತಡವಾಗಿ ಇಳಿಯುತ್ತದೆ. ಅದರ ಒಂದು ಪಾಲು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಬಿಡದಂತೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ನಿನ ಅರ್ಧಾಯುಷ್ಯ ಸುಮಾರು 20 ದಿನ. ಹೀಗಾಗಿ ಲಿವರ್ ಚೇತರಿಸಿಕೊಂಡು, ಹಸಿವು ಮರಳಿ, ಮೂತ್ರ ತಿಳಿಯಾದ ಮೇಲೂ ಕಣ್ಣಿನ ಹಳದಿ ವಾರಗಟ್ಟಲೆ ನಿಲ್ಲಬಹುದು. ಹೆಪಟೈಟಿಸ್ ಎ ಬಂದ ಕೆಲವರಲ್ಲಿ ಪಿತ್ತದ ಹರಿವು ಮಂದವಾಗಿ, ಹತ್ತು ಪಾಯಿಂಟಿನ ಮೇಲೆಯೇ ಬಿಲಿರುಬಿನ್ ತಿಂಗಳುಗಟ್ಟಲೆ ಇರುತ್ತದೆ. ಮೈ ತುರಿಕೆಯಿಂದ ನಿದ್ದೆ ಕೆಡುತ್ತದೆ. ಆದರೂ ಅವರು ಪೂರ್ತಿ ಗುಣವಾಗುತ್ತಾರೆ.

ಮೂರನೆಯದು ಹಲವರ ವರದಿಯಲ್ಲಿ ಇರುವುದೇ ಇಲ್ಲ. ಅದು ಎಲ್‌ಎಫ್‌ಟಿಯ ಪಟ್ಟಿಯಲ್ಲಿ ಸೇರಿಲ್ಲ, ಬೇರೆಯಾಗಿ ಬರೆಯಬೇಕು, ಬೇರೆ ನಳಿಕೆಯಲ್ಲಿ ರಕ್ತ ತೆಗೆಯಬೇಕು. ಅದೇ ಪ್ರೋಥ್ರಾಂಬಿನ್ ಟೈಮ್, ವರದಿಯಲ್ಲಿ ಪಿ.ಟಿ.–ಐಎನ್‌ಆರ್ ಎಂದು ಬರುತ್ತದೆ. ನಾನು ಇಂದು ಹೇಳಬೇಕೆಂದು ಬಂದ ಮುಖ್ಯ ಮಾತು ಇದು: ತೀವ್ರ ಕಾಮಾಲೆಯಲ್ಲಿ ರೋಗಿ ಯಾವ ದಾರಿ ಹಿಡಿದಿದ್ದಾನೆ ಎಂಬುದನ್ನು ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಸ್ಪಷ್ಟವಾಗಿ ಹೇಳುವುದು ರಕ್ತ ಹೆಪ್ಪುಗಟ್ಟುವ ಹೊತ್ತು.

ಹೆಪ್ಪುಗಟ್ಟುವ ಹೊತ್ತು

ಗಾಯವಾದಾಗ ರಕ್ತ ನಿಲ್ಲಲು ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲನ್ನು ಲಿವರ್ ತಯಾರಿಸುತ್ತದೆ. ಅವುಗಳಲ್ಲಿ ಏಳನೆಯ ಘಟಕ ಎಂಬುದರ ಅರ್ಧಾಯುಷ್ಯ ನಾಲ್ಕರಿಂದ ಆರು ಗಂಟೆ ಮಾತ್ರ. ಅಂದರೆ ಲಿವರ್ ಇವತ್ತು ಕೆಲಸ ನಿಲ್ಲಿಸಿದರೆ ನಾಳೆಯ ರಕ್ತದಲ್ಲಿ ಅದರ ಕೊರತೆ ಕಾಣುತ್ತದೆ. 20 ದಿನ ಬಾಳುವ ಆಲ್ಬುಮಿನ್ ಇದನ್ನು ಹೇಳಲಾರದು.

ಈ ಪರೀಕ್ಷೆಯನ್ನು ರೂಪಿಸಿದವರು ಅಮೆರಿಕದ ಆರ್ಮಂಡ್ ಕ್ವಿಕ್. 1935ರ ಅವರ ಪ್ರಬಂಧದ ವಿಷಯವೇ ಹಿಮೋಫಿಲಿಯಾ ಮತ್ತು ಕಾಮಾಲೆಯಲ್ಲಿ ರಕ್ತ ಹೆಪ್ಪುಗಟ್ಟುವುದರಲ್ಲಿ ಆಗುವ ದೋಷ. ಇಂದು ಹೃದಯರೋಗಿಗಳ ರಕ್ತ ತೆಳುಗೊಳಿಸುವ ಮಾತ್ರೆಯ ಪ್ರಮಾಣ ನೋಡಲು ಹೆಚ್ಚಾಗಿ ಬಳಸುವ ಈ ಪರೀಕ್ಷೆ ಹುಟ್ಟಿದ್ದರಲ್ಲಿ ಕಾಮಾಲೆಯ ರೋಗಿಗಳ ಪಾಲಿದೆ.

ಪ್ರಯೋಗಾಲಯದಲ್ಲಿ ಕೈಯಿಂದ ಅದನ್ನು ಮಾಡುವ ಬಗೆಯನ್ನು ವಿದ್ಯಾರ್ಥಿಗಳು ಹತ್ತಿರದಿಂದ ನೋಡಬೇಕು. ನೀಲಿ ಮುಚ್ಚಳದ ಸಣ್ಣ ನಳಿಕೆ. ಒಳಗೆ ಮೊದಲೇ ಸೋಡಿಯಂ ಸಿಟ್ರೇಟ್ ಇರುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ಗೀಟಿನವರೆಗೆ ರಕ್ತ ತುಂಬಲೇಬೇಕು, ಕಡಿಮೆಯಾದರೆ ಅಂಕಿ ಸುಳ್ಳೇ ಏರುತ್ತದೆ. ನಳಿಕೆಯನ್ನು ಯಂತ್ರದಲ್ಲಿ ತಿರುಗಿಸಿದಾಗ ಕೆಂಪುಕಣಗಳು ತಳಕ್ಕೆ ಕೂತು ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಆರೋಗ್ಯವಂತರಲ್ಲಿ ತಿಳಿಹಳದಿಯಾಗಿರುವ ಅದು ಕಾಮಾಲೆಯವರಲ್ಲಿ ಗಾಢ ಹಳದಿ. 37 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಇಟ್ಟ ಗಾಜಿನ ನಳಿಕೆಗೆ ಅದರ 0.1 ಮಿಲಿಲೀಟರ್ ಹಾಕುತ್ತಾರೆ. ಥ್ರಾಂಬೋಪ್ಲಾಸ್ಟಿನ್ ಮತ್ತು ಕ್ಯಾಲ್ಸಿಯಂ ಕೂಡಿದ ದ್ರವ 0.2 ಮಿಲಿಲೀಟರ್ ಸೇರಿಸಿದ ಕ್ಷಣವೇ ಸ್ಟಾಪ್‌ವಾಚ್ ಒತ್ತುತ್ತಾರೆ. ನಳಿಕೆಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ವಾಲಿಸುತ್ತಾರೆ. ಹತ್ತು ಸೆಕೆಂಡಿನವರೆಗೂ ದ್ರವ ನೀರಿನಂತೆ ಹರಿದಾಡುತ್ತದೆ. ಆರೋಗ್ಯವಂತರದಾದರೆ 12, 13ನೆಯ ಸೆಕೆಂಡಿಗೆ ಒಂದು ಎಳೆ ಮೂಡಿ, ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಲಿವರ್ ಸೋತವರ ಪ್ಲಾಸ್ಮಾ 20 ಸೆಕೆಂಡಾದರೂ, 30 ಆದರೂ, 40 ಆದರೂ ಹರಿದಾಡುತ್ತಲೇ ಇರುತ್ತದೆ.

ಬೇರೆ ಬೇರೆ ಕಂಪನಿಯ ದ್ರವಕ್ಕೆ ಬೇರೆ ಬೇರೆ ಹೊತ್ತು ಬರುತ್ತದೆ. ರೋಣದ ಅಂಕಿಯನ್ನು ಹುಬ್ಬಳ್ಳಿಯ ಅಂಕಿಯೊಂದಿಗೆ ಹೋಲಿಸಬೇಕಾದರೆ ಒಂದು ಸಮಾನ ಅಳತೆ ಬೇಕು. ಅದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ 1983ರಲ್ಲಿ ಐಎನ್‌ಆರ್ ಎಂಬ ಲೆಕ್ಕವನ್ನು ಜಾರಿಗೆ ತಂದಿತು. ಸಾಮಾನ್ಯ ಮೌಲ್ಯ ಒಂದರ ಆಸುಪಾಸು. 1.5 ಮುಟ್ಟಿತೆಂದರೆ ಎಚ್ಚರಿಕೆ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಹೆಪ್ಪುಗಟ್ಟಿಸುವ ಕೆಲವು ಘಟಕಗಳನ್ನು ತಯಾರಿಸಲು ಲಿವರಿಗೆ ವಿಟಮಿನ್ ಕೆ ಬೇಕು. ಪಿತ್ತ ಕರುಳಿಗೆ ಇಳಿಯದಿದ್ದರೆ ಆ ವಿಟಮಿನ್ ಮೈಗೆ ಹತ್ತುವುದಿಲ್ಲ. ಆಗ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟು ಮರುದಿನ ಪರೀಕ್ಷಿಸುತ್ತಾರೆ. ಅಂಕಿ ಸರಿಹೋದರೆ ಲಿವರಿಗೆ ಇನ್ನೂ ಕಸುವಿದೆ ಎಂದರ್ಥ. ಎರಡನೆಯದು, ರಕ್ತಸ್ರಾವ ಇಲ್ಲದಿರುವಾಗ ಬರೀ ಅಂಕಿಗೆ ಹೆದರಿ ಪ್ಲಾಸ್ಮಾ ಏರಿಸಬಾರದು. ಏರಿಸಿದರೆ ವರದಿ ಚೆಂದವಾಗುತ್ತದೆ, ಲಿವರ್ ಇದ್ದಂತೆಯೇ ಇರುತ್ತದೆ, ಮತ್ತು ವೈದ್ಯರಿಗೆ ದಾರಿ ತೋರಿಸಬೇಕಾದ ಗುರುತೇ ಅಳಿಸಿಹೋಗುತ್ತದೆ.

ಒಂದು ವರದಿಯಿಂದ ಏನೂ ತಿಳಿಯದು

ಇಬ್ಬರು ರೋಗಿಗಳನ್ನು ಕಲ್ಪಿಸಿಕೊಳ್ಳಿ. ಇಬ್ಬರಿಗೂ ಮೊದಲ ದಿನ ಎಸ್‌ಜಿಪಿಟಿ 2,400. ನಾಲ್ಕು ದಿನಕ್ಕೆ ಇಬ್ಬರದೂ 700ಕ್ಕೆ ಇಳಿದಿದೆ. ಎರಡೂ ಮನೆಗಳಲ್ಲಿ ನೆಮ್ಮದಿ. ಮೊದಲಿನವನ ಬಿಲಿರುಬಿನ್ 9 ಇದ್ದದ್ದು 10 ಆಗಿದೆ, ಐಎನ್‌ಆರ್ 1.3 ಇದ್ದದ್ದು 1.1ಕ್ಕೆ ಬಂದಿದೆ. ಹಸಿವಾಗುತ್ತಿದೆ ಎನ್ನುತ್ತಾನೆ. ಇವನು ಗುಣದ ದಾರಿಯಲ್ಲಿದ್ದಾನೆ. ಎರಡನೆಯವನ ಬಿಲಿರುಬಿನ್ 12ರಿಂದ 20ಕ್ಕೆ ಹೋಗಿದೆ, ಐಎನ್‌ಆರ್ 1.6ರಿಂದ 2.8ಕ್ಕೆ ಏರಿದೆ. ಹಗಲೆಲ್ಲ ಮಲಗುತ್ತಾನೆ, ರಾತ್ರಿ ಎದ್ದು ಕೂರುತ್ತಾನೆ. ಇವನ ಎಸ್‌ಜಿಪಿಟಿ ಇಳಿದದ್ದು ಲಿವರಿನ ಕೋಶಗಳು ಬರಿದಾಗುತ್ತಿರುವುದರಿಂದ. ಇವನನ್ನು ಒಂದು ಗಂಟೆಯೂ ತಡಮಾಡದೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕು.

ಕಾಮಾಲೆಯೊಂದಿಗೆ ಐಎನ್‌ಆರ್ 1.5 ದಾಟಿ, ಮೆದುಳಿಗೆ ಮಂಕು ಕವಿಯಿತೆಂದರೆ ಅದನ್ನು ತೀವ್ರ ಯಕೃತ್ ವೈಫಲ್ಯ ಎನ್ನುತ್ತಾರೆ. ವೈರಸ್ ಕಾಮಾಲೆ ಬಂದವರಲ್ಲಿ ಬಹಳ ಸಣ್ಣ ಪಾಲಿಗೆ ಮಾತ್ರ ಹೀಗಾಗುತ್ತದೆ. ಆ ಸಣ್ಣ ಪಾಲನ್ನು ಮೊದಲೇ ಗುರುತಿಸುವುದು ಹೇಗೆ ಎಂದು ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯವರು 1989ರಲ್ಲಿ ಮಾನದಂಡಗಳನ್ನು ಕೊಟ್ಟರು. ಪ್ಯಾರಸಿಟಮಾಲ್ ವಿಷವಲ್ಲದ ಬೇರೆ ಕಾರಣಗಳಿಂದ ಲಿವರ್ ಸೋತಾಗ ಐಎನ್‌ಆರ್ 6.5 ದಾಟಿದರೆ ಅದೊಂದೇ ಸಾಕು, ಬದಲಿ ಲಿವರ್ ಬೇಕಾಗಬಹುದು ಎಂದು ಅವರ ಲೆಕ್ಕ.

ಬ್ರಿಟನ್ನಿನಲ್ಲಿ ಪ್ಯಾರಸಿಟಮಾಲ್ ದೊಡ್ಡ ಕಾರಣ, ನಮ್ಮಲ್ಲಿ ವೈರಸ್‌ಗಳೇ ಪ್ರಧಾನ. ಆದ್ದರಿಂದ ನಮ್ಮ ಜನರ ರಕ್ತದಿಂದಲೇ ನಮ್ಮ ಅಳತೆ ಬರಬೇಕಿತ್ತು. ದೆಹಲಿಯ ಏಮ್ಸ್‌ನಲ್ಲಿ ಸುಬ್ರತ್ ಕುಮಾರ್ ಆಚಾರ್ಯ ಮತ್ತು ಸಂಗಡಿಗರು ಆ ಕೆಲಸ ಮಾಡಿದರು. ವಯಸ್ಸು 40 ದಾಟಿರುವುದು, ಬಿಲಿರುಬಿನ್ 15 ಮಿಲಿಗ್ರಾಂ ಮೇಲಿರುವುದು, ಪ್ರೋಥ್ರಾಂಬಿನ್ ಹೊತ್ತು ಸಾಮಾನ್ಯಕ್ಕಿಂತ 25 ಸೆಕೆಂಡು ಹೆಚ್ಚಿರುವುದು, ಮೆದುಳಿನ ಬಾವು ಇವು ಅಪಾಯದ ಗುರುತುಗಳು ಎಂದು 1996ರಲ್ಲಿ ಅವರು ಹೇಳಿದರು. 2006ರಲ್ಲಿ ಅದೇ ಸಂಸ್ಥೆಯವರು ಅಪಧಮನಿಯ ರಕ್ತದ ಅಮೋನಿಯಾವನ್ನು ಅಳೆದು, ಅದು 124 ಮೈಕ್ರೋಮೋಲ್ ಮುಟ್ಟಿದರೆ ಅಪಾಯ ಹೆಚ್ಚು ಎಂದು ತೋರಿಸಿದರು. 2012ರಲ್ಲಿ ಅಮೋನಿಯಾ, ಬಿಲಿರುಬಿನ್, ಐಎನ್‌ಆರ್, ಮಂಕಿನ ಮಟ್ಟ ಈ ನಾಲ್ಕನ್ನೂ ಮೂರು ದಿನ ನೋಡಿ ಅವು ಏರುತ್ತಿವೆಯೋ ಇಳಿಯುತ್ತಿವೆಯೋ ಎಂಬುದರ ಮೇಲೆ ಅಂಕ ಕೊಡುವ ಕ್ರಮವನ್ನು ಪ್ರಕಟಿಸಿದರು. ಒಂದು ದಿನದ ಅಂಕಿಗಿಂತ ಮೂರು ದಿನದ ಓಟ ಹೆಚ್ಚು ನಿಜ ಹೇಳುತ್ತದೆ ಎಂಬ ಅನುಭವದ ಮಾತಿಗೆ ಅದರಿಂದ ಗಟ್ಟಿ ಆಧಾರ ಸಿಕ್ಕಿತು.

ಇದಲ್ಲದೆ ಲಿವರ್ ಮರಳಿ ಚಿಗುರುವಾಗ ರಕ್ತದಲ್ಲಿ ಏರುವ ಆಲ್ಫಾ ಫೀಟೋಪ್ರೋಟೀನ್, ಅಂಗಾಂಗಗಳ ದಣಿವನ್ನು ತೋರಿಸುವ ಲ್ಯಾಕ್ಟೇಟ್ ಮೊದಲಾದವುಗಳನ್ನು ದೊಡ್ಡ ಆಸ್ಪತ್ರೆಗಳಲ್ಲಿ ನೋಡುತ್ತಾರೆ. ನಮ್ಮ ಊರಿನಲ್ಲಿಯೇ ಆಗಬಹುದಾದ ಇನ್ನೊಂದು ಪರೀಕ್ಷೆ ಬೆರಳ ತುದಿಯ ಸಕ್ಕರೆ. ಸೋತ ಲಿವರ್ ಸಕ್ಕರೆಯನ್ನು ಹಿಡಿದಿಡಲಾರದು. ಕಾಮಾಲೆಯವರು ಮಂಕಾಗಿದ್ದರೆ ಮೊದಲು ಸಕ್ಕರೆ ನೋಡಿ. ಪಥ್ಯದ ಹೆಸರಿನಲ್ಲಿ ಅವರನ್ನು ಉಪವಾಸ ಕೆಡವಬೇಡಿ. ನಿದ್ದೆ ಬರಲಿ ಎಂದು ನಿದ್ದೆಗುಳಿಗೆ ಕೊಡಲೇಬೇಡಿ.

ಬಸುರಿಯರ ಮಾತನ್ನು ಬೇರೆಯಾಗಿ ಹೇಳಬೇಕು. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಬಂದರೆ ಸಾವಿನ ಪ್ರಮಾಣ ನೂರಕ್ಕೆ 20ರಿಂದ 25ರವರೆಗೂ ಹೋಗಬಹುದು. ತವರಿಗೆ ಬಂದ ಮಗಳ ಕಣ್ಣು ಹಳದಿಯಾದರೆ, "ಬಸುರಾಗ ಹಿಂಗ ಆಗ್ತದ" ಎಂದು ಒಂದು ದಿನವೂ ಕೂರಬೇಡಿ. ಅಂದೇ ಪಿ.ಟಿ. ಆಗಬೇಕು, ಗದಗಕ್ಕೋ ಹುಬ್ಬಳ್ಳಿಗೋ ಹೋಗುವ ಗಾಡಿ ಸಿದ್ಧವಿರಬೇಕು.

ಹಳದಿ ಹೋದ ಮೇಲೆ

ಗುಣ ಎಂದರೆ ಕಣ್ಣು ಬೆಳ್ಳಗಾಗುವುದಷ್ಟೇ ಅಲ್ಲ. ಯಾವ ವೈರಸ್ ಎಂದು ತಿಳಿದರೆ ಮಾತ್ರ ಮುಂದಿನ ದಾರಿ ತಿಳಿಯುತ್ತದೆ. ಐಜಿಎಂ ಪ್ರತಿಕಾಯಗಳ ಪರೀಕ್ಷೆಯಿಂದ ಎ ಮತ್ತು ಇ ಗೊತ್ತಾಗುತ್ತವೆ. ಎ ಬಂದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇಳಿದ ಕಾಮಾಲೆ ಕೆಲವು ವಾರಗಳಲ್ಲಿ ಮರುಕಳಿಸಬಹುದು. ಆದರೂ ಅದು ದೀರ್ಘಕಾಲದ ರೋಗವಾಗಿ ಉಳಿಯುವುದಿಲ್ಲ.

ರಕ್ತದಿಂದ, ಸೂಜಿಯಿಂದ, ತಾಯಿಯಿಂದ ಮಗುವಿಗೆ ಬರುವ ಹೆಪಟೈಟಿಸ್ ಬಿ ಹಾಗಲ್ಲ. 1960ರ ದಶಕದಲ್ಲಿ ಬರೂಕ್ ಬ್ಲಂಬರ್ಗ್ ಗುರುತಿಸಿದ, ಇಂದು ಎಚ್‌ಬಿಎಸ್‌ಎಜಿ ಎನ್ನುವ ವಸ್ತು ಆರು ತಿಂಗಳೊಳಗೆ ರಕ್ತದಿಂದ ಮಾಯವಾಗಬೇಕು. ವಯಸ್ಕರಲ್ಲಿ ನೂರಕ್ಕೆ 95 ಮಂದಿಗೆ ಹಾಗೆಯೇ ಆಗುತ್ತದೆ. ಹುಟ್ಟುವಾಗ ಸೋಂಕಿದ ಮಕ್ಕಳಲ್ಲಿ ನೂರಕ್ಕೆ 90ರಲ್ಲಿ ಅದು ಉಳಿದುಬಿಡುತ್ತದೆ. ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕಬೇಕು ಎಂದು ಆಶಾ ಕಾರ್ಯಕರ್ತೆಯರು ಒತ್ತಾಯಿಸುವುದು ಇದಕ್ಕೇ. ಹೆಪಟೈಟಿಸ್ ಸಿ ಯಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ತಾನಾಗಿಯೇ ಹೋಗುತ್ತದೆ. ಉಳಿದವರಿಗೆ ಈಗ ಮೂರು ತಿಂಗಳ ಮಾತ್ರೆಗಳಿವೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇವುಗಳ ಪರೀಕ್ಷೆ, ಔಷಧ ಎರಡೂ ಉಚಿತ.

ಕಾಮಾಲೆಗೆ ನಾಟಿ ಔಷಧವಾಗಿ ಕೊಡುವ ನೆಲನೆಲ್ಲಿಯ ಬಗ್ಗೆ ಕೇಳದೆ ನೀವು ನನ್ನನ್ನು ಬಿಡುವುದಿಲ್ಲ. ಅದೇ ಬ್ಲಂಬರ್ಗ್ ಮದ್ರಾಸಿನ ತ್ಯಾಗರಾಜನ್ ಮೊದಲಾದವರ ಜೊತೆ ಈ ಗಿಡವನ್ನು ಗೌರವದಿಂದಲೇ ಪರೀಕ್ಷೆಗೆ ಒಡ್ಡಿದರು. ಹೆಪಟೈಟಿಸ್ ಬಿ ದೀರ್ಘಕಾಲ ಉಳಿದವರಲ್ಲಿ ಗಿಡದ ಪುಡಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಿಂದ ಎಚ್‌ಬಿಎಸ್‌ಎಜಿ ಹೋಯಿತು, ತಿನ್ನದ 23ರಲ್ಲಿ ಒಬ್ಬರದು ಮಾತ್ರ ಎಂದು 1988ರಲ್ಲಿ ಬರೆದರು. ಜಗತ್ತು ಆಸೆಯಿಂದ ನೋಡಿತು. ಆಮೇಲೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಎ, ಇ ಕಾಮಾಲೆಗಳು ಬಹುತೇಕ ತಾವಾಗಿಯೇ ಇಳಿಯುವುದರಿಂದ ಆ ಹೊತ್ತಿಗೆ ಕೊಟ್ಟ ಔಷಧಕ್ಕೆಲ್ಲ ಹೆಸರು ಬರುತ್ತದೆ. ಕೊಡುವವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಬೇಡಿಕೆ ಒಂದೇ: ನಾಟಿ ಔಷಧ ಕೊಡುವ ಹಿರಿಯರು, "ಮೊದಲು ಪಿ.ಟಿ. ಮಾಡಿಸ್ಕೊಂಡು ಬರ್ರಿ" ಎಂದು ಹೇಳಿದರೆ ಎಷ್ಟೋ ಜೀವ ಉಳಿಯುತ್ತವೆ. ಕಾಮಾಲೆಗೆಂದು ಮೈಮೇಲೆ ಬರೆ ಹಾಕಿಸುವುದನ್ನು ಮಾತ್ರ ಪೂರ್ತಿ ಬಿಡಬೇಕು. ರಕ್ತ ಹೆಪ್ಪುಗಟ್ಟದವರ ಮೈಮೇಲೆ ಗಾಯ ಮಾಡುವುದು ಅಪಾಯ.

ನಾವು ಮಾಡಬೇಕಾದದ್ದು

ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಪಿ.ಟಿ.–ಐಎನ್‌ಆರ್ ಪರೀಕ್ಷೆ ವರ್ಷದ ಎಲ್ಲ ದಿನವೂ ಆಗಬೇಕು. ನಾನು ವಿವರಿಸಿದಂತೆ ಅದಕ್ಕೆ ಬೇಕಾದದ್ದು ಬೆಚ್ಚಗಿನ ನೀರು, ಗಾಜಿನ ನಳಿಕೆ, ಫ್ರಿಜ್ಜಿನಲ್ಲಿ ಕೆಡದಂತೆ ಇಟ್ಟ ದ್ರವ, ಸ್ಟಾಪ್‌ವಾಚ್ ಮತ್ತು ಬೇಸರಿಸದೆ ನೋಡುವ ತಂತ್ರಜ್ಞರ ಕಣ್ಣು. ಕೋಟಿಗಟ್ಟಲೆ ಹಣ ಬೇಡ. ನಿಮ್ಮ ಗ್ರಾಮಸಭೆಗಳಲ್ಲಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಇದನ್ನು ಕೇಳಿ.

ಮನೆಯವರು ವರದಿಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಇಡಿ. ಹುಬ್ಬಳ್ಳಿಯ ವೈದ್ಯರಿಗೆ ಇವತ್ತಿನ ಅಂಕಿಯಷ್ಟೇ ಮೊನ್ನೆಯ ಅಂಕಿಯೂ ಮುಖ್ಯ. ಪ್ರತಿದಿನ ಎರಡು ಸಾರಿ ರೋಗಿಯನ್ನು ಇವತ್ತು ಯಾವ ವಾರ, ಎದುರಿಗೆ ಕೂತವರು ಯಾರು ಎಂದು ಕೇಳಿ. ಉತ್ತರ ತಪ್ಪಿದರೆ ಬೆಳಗಾಗುವವರೆಗೆ ಕಾಯಬೇಡಿ.

ಇನ್ನು ನೀರು. ನೆರೆಯಾದ ಮೇಲೆ ಎರಡು ತಿಂಗಳವರೆಗೂ ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ. ಒಂದೇ ಓಣಿಯಲ್ಲಿ ಎರಡು ಮನೆಗೆ ಕಾಮಾಲೆ ಬಂದರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಪೈಪು ಎಲ್ಲಿ ಚರಂಡಿಯೊಳಗೆ ಹಾದಿದೆ ಎಂದು ಹುಡುಕಿಸಿ.

ಕಾಮಾಲೆಯಿಂದ ಬಹುಪಾಲು ಜನ ಗುಣವಾಗುತ್ತಾರೆ. ಇದು ನಿಜ, ಇದನ್ನು ಧೈರ್ಯವಾಗಿ ಹೇಳಿ. ಆದರೆ ಗುಣವಾಗದಿರಬಹುದಾದ ಆ ಕೆಲವರು ಯಾರು ಎಂಬುದನ್ನು ಎರಡು ಮೂರು ದಿನ ಮೊದಲೇ ತಿಳಿಯುವ ಉಪಾಯ 1935ರಿಂದ ನಮ್ಮ ಕೈಯಲ್ಲಿದೆ. ಆ ಎರಡು ಮೂರು ದಿನ ರೋಣದ ರೋಗಿಗೂ ಸಿಗಬೇಕು, ದೆಹಲಿಯ ರೋಗಿಗೆ ಸಿಕ್ಕಷ್ಟೇ ಸಿಗಬೇಕು.